ಮೊಲಕ್ಕೆ ಜಂತುಹುಳ: ಮದ್ದಿಗೆ ಮುಂಚೆ ಹಿಕ್ಕೆ ನೋಡಿ

ಮಕ್ಕಳ ಹಟಕ್ಕೆ ಮಣಿದು ಮೊಲದ ಮರಿ ತಂದ ಮನೆಗಳಲ್ಲಿ ಮೊದಲ ವಾರ ಸಂಭ್ರಮದಲ್ಲೇ ಕಳೆಯುತ್ತದೆ. ಹೆಸರಿಡುವುದಾಗುತ್ತದೆ, ಗೂಡು ಹೊಂದಿಸುವುದಾಗುತ್ತದೆ, ಅಕ್ಕಪಕ್ಕದ ಮಕ್ಕಳೆಲ್ಲ ಬಂದು ಅದರ ಕಿವಿ ಮುಟ್ಟಿ ಹೋಗುತ್ತಾರೆ. ಎರಡನೆಯ ವಾರದಲ್ಲಿ ಗೂಡು ಗುಡಿಸುವವರ ಕಣ್ಣಿಗೆ ಹಿಕ್ಕೆಯ ಮೇಲೆ ಬಿಳಿ ದಾರದ ತುಂಡಿನಂಥದ್ದೊಂದು ಬೀಳುತ್ತದೆ. ಸ್ವಲ್ಪ ಹೊತ್ತು ನೋಡಿದರೆ ಅದು ಹೊರಳುತ್ತದೆ. ಅಲ್ಲಿಗೆ ಸಂಭ್ರಮ ಮುಗಿದು ಗಾಬರಿ ಶುರುವಾಗುತ್ತದೆ. "ಮೊದಲು ಅದನ್ನು ಆಚೆ ಬಿಟ್ಟು ಬನ್ನಿ" ಎಂದು ಅಜ್ಜಿ ಹೇಳುತ್ತಾರೆ. ಅಪ್ಪ ಔಷಧಿ ಅಂಗಡಿಗೆ ಹೊರಡುತ್ತಾರೆ. ಅಮ್ಮ ಮಗುವನ್ನು ಕರೆದು ಸೋಪು ಹಾಕಿ ಕೈ ತೊಳೆಸುತ್ತಾರೆ.

ಈ ಮೂವರಲ್ಲಿ ಸರಿಯಾದ ಕೆಲಸ ಮಾಡಿದವರು ಅಮ್ಮ ಒಬ್ಬರೇ.

ಹಿಕ್ಕೆಯಲ್ಲಿ ಹುಳ ಕಂಡಿತೆಂದು ಮೊಲವನ್ನು ಮನೆಯಿಂದ ಹೊರಹಾಕಬೇಕಾಗಿಲ್ಲ. ಯಾರನ್ನೂ ಕೇಳದೆ ಅದರ ಬಾಯಿಗೆ ಮದ್ದು ಸುರಿಯಲೂ ಬಾರದು. ಸಾಕು ಮೊಲದ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಕಾಣುವ ಹುಳಕ್ಕಿಂತ ಅವಸರದಲ್ಲಿ ಕೊಟ್ಟ ಮದ್ದೇ ಅದಕ್ಕೆ ಹೆಚ್ಚು ಅಪಾಯಕಾರಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಯಾವ ಹುಳ ಎಂದು ಗೊತ್ತುಮಾಡಿಕೊಳ್ಳುವುದೇ ಚಿಕಿತ್ಸೆಯ ಮೊದಲ ಮೆಟ್ಟಿಲು.

ಹೆಸರು ಒಂದೇ, ರೋಗ ಬೇರೆ ಬೇರೆ

ನಮ್ಮ ಭಾಷೆಯಲ್ಲಿ 'ಹುಳ' ಎಂಬ ಒಂದೇ ಮಾತು ಹತ್ತು ಕಡೆ ದುಡಿಯುತ್ತದೆ. ಹೊಟ್ಟೆಯಲ್ಲಿರುವುದೂ ಹುಳ, ಗಾಯಕ್ಕೆ ಬೀಳುವುದೂ ಹುಳ, ಹಲ್ಲು ಹಾಳಾದರೂ ಹುಳುಕು. ಮೊಲದ ವಿಷಯದಲ್ಲಿ ಈ ಗೊಂದಲ ತಪ್ಪು ಮದ್ದಿಗೆ ದಾರಿ ಮಾಡುತ್ತದೆ. ಆದ್ದರಿಂದ ಒಂದೊಂದನ್ನೂ ಬಿಡಿಸಿ ನೋಡುವುದು ಒಳ್ಳೆಯದು.

ಮೊದಲನೆಯದು ದಾರದ ಹುಳ, ಅಂದರೆ ಪಿನ್‌ವರ್ಮ್. ಸಾಕು ಮೊಲದ ಹಿಕ್ಕೆಯಲ್ಲಿ ಬರಿಗಣ್ಣಿಗೆ ಕಾಣುವ ಬಿಳಿ ಹುಳ ಸಾಮಾನ್ಯವಾಗಿ ಇದೇ. ವಿಜ್ಞಾನಿಗಳು ಇದಕ್ಕೆ ಪ್ಯಾಸಲೂರಸ್ ಆಂಬಿಗ್ಯೂಅಸ್ ಎಂದು ಹೆಸರಿಟ್ಟಿದ್ದಾರೆ. ಅರ್ಧದಿಂದ ಒಂದು ಸೆಂಟಿಮೀಟರ್ ಉದ್ದ, ದಾರದಷ್ಟು ಸಣ್ಣ. ಮೊಲದ ಕುರುಡುಕರುಳು ಮತ್ತು ದೊಡ್ಡಕರುಳಿನಲ್ಲಿ ವಾಸ. ಬೆಳೆದ ಮೊಲಕ್ಕೆ ಇದರಿಂದ ಹೆಚ್ಚಿನ ತೊಂದರೆ ಇಲ್ಲ. ಹುಳ ಬಹಳವಾದಾಗ ಗುದದ್ವಾರದಲ್ಲಿ ತುರಿಕೆ ಬರಬಹುದು, ಮರಿಗಳು ಸೊರಗಬಹುದು.

ಎರಡನೆಯದು ಲಾಡಿಹುಳ. ಇಲ್ಲಿ ಮುಖ್ಯವಾಗಿ ತಿಳಿಯಬೇಕಾದದ್ದು ನಾಯಿಯ ಲಾಡಿಹುಳದ ಸಂಗತಿ. ಟೀನಿಯಾ ಪಿಸಿಫಾರ್ಮಿಸ್ ಎಂಬ ಲಾಡಿಹುಳ ನಾಯಿಯ ಕರುಳಿನಲ್ಲಿ ಬೆಳೆಯುತ್ತದೆ, ಅದರ ಮೊಟ್ಟೆಗಳು ನಾಯಿಯ ಮಲದ ಮೂಲಕ ಹುಲ್ಲಿಗೆ ಸೇರುತ್ತವೆ. ಆ ಹುಲ್ಲು ತಿಂದ ಮೊಲದ ಯಕೃತ್ತನ್ನು ಹಾದು, ಹೊಟ್ಟೆಯೊಳಗಿನ ಪೊರೆಗಳ ಮೇಲೆ ನೀರುಗುಳ್ಳೆಗಳಂತೆ ಕೂರುತ್ತವೆ. ಇದು ಹಿಕ್ಕೆಯಲ್ಲಿ ಕಾಣುವುದಿಲ್ಲ. ನಾಯಿಗಳು ಓಡಾಡುವ ರಸ್ತೆಬದಿಯ, ಪಾರ್ಕಿನ ಹುಲ್ಲನ್ನು ಕಿತ್ತು ತಂದು ಹಾಕಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ. ಮನೆಯಲ್ಲಿ ನಾಯಿಯೂ ಇದ್ದರೆ ಅದಕ್ಕೆ ಕಾಲಕಾಲಕ್ಕೆ ಜಂತಿನ ಔಷಧಿ ಹಾಕಿಸುವುದು ಮೊಲಕ್ಕೂ ರಕ್ಷೆ.

ಮೂರನೆಯದು ಹುಳವೇ ಅಲ್ಲ, ಆದರೆ ಮೊಲದ ಮರಿಗಳಿಗೆ ಇದರಷ್ಟು ಅಪಾಯ ತರುವ ಕರುಳಿನ ರೋಗ ಬೇರೆ ಕಡಿಮೆ. ಇದು ಕಾಕ್ಸಿಡಿಯೋಸಿಸ್. ಐಮೀರಿಯಾ ಎಂಬ ಏಕಕೋಶ ಜೀವಿ ಇದಕ್ಕೆ ಕಾರಣ. ಸೂಕ್ಷ್ಮದರ್ಶಕ ಇಲ್ಲದೆ ಕಾಣದು. ತಾಯಿಹಾಲು ಬಿಟ್ಟು ಹುಲ್ಲಿಗೆ ಹೊರಳುವ ವಯಸ್ಸಿನ ಮರಿಗಳಿಗೆ ಭೇದಿ, ಹೊಟ್ಟೆ ಉಬ್ಬರ, ತೂಕ ಇಳಿತ ಬಂದರೆ ಮೊದಲು ಸಂಶಯಪಡಬೇಕಾದದ್ದು ಇದನ್ನು. ಇದರಲ್ಲಿ ಒಂದು ಬಗೆ ಯಕೃತ್ತಿಗೇ ಹೋಗಿ ಕೂರುತ್ತದೆ. ಮೊಲ ಸಾಕಣೆದಾರರು ಇದರ ಹೆಸರು ಕೇಳಿದರೆ ಬೆಚ್ಚುವುದಕ್ಕೆ ಕಾರಣವಿದೆ. ಜಂತುಹುಳದ ಮದ್ದು ಈ ರೋಗಕ್ಕೆ ನಾಟುವುದಿಲ್ಲ. ಸಲ್ಫಾ ವರ್ಗದ ಔಷಧಿ ಅಥವಾ ಟೋಲ್ಟ್ರಾಜುರಿಲ್‌ನಂಥ ಬೇರೆಯೇ ಮದ್ದು ಬೇಕು. 'ಭೇದಿ ಆಗ್ತಿದೆ, ಹುಳ ಇರಬೇಕು' ಎಂದುಕೊಂಡು ಜಂತಿನ ಔಷಧಿ ಹಾಕುತ್ತಾ ಎರಡು ದಿನ ಕಾದರೆ ಮರಿ ಕೈತಪ್ಪಿ ಹೋಗಬಹುದು.

ನಾಲ್ಕನೆಯದು ನೊಣದ ಹುಳ. ದನದ ಗಾಯಕ್ಕೆ ಹುಳ ಬೀಳುವುದನ್ನು ನಮ್ಮ ರೈತರೆಲ್ಲ ಬಲ್ಲರು. ಹಿಂಭಾಗ ಒದ್ದೆಯಾಗಿ ಮಲ ಮೆತ್ತಿಕೊಂಡ ಮೊಲದ ಮೇಲೂ ನೊಣ ಮೊಟ್ಟೆ ಇಡುತ್ತದೆ. ಮೊಟ್ಟೆ ಒಂದೇ ದಿನದೊಳಗೆ ಒಡೆದು, ಮರಿಹುಳಗಳು ಚರ್ಮವನ್ನು, ಮಾಂಸವನ್ನು ತಿನ್ನತೊಡಗುತ್ತವೆ. ಮಳೆಗಾಲದಲ್ಲಿ, ಬೇಸಿಗೆಯ ಸೆಕೆಯಲ್ಲಿ ಇದರ ಕಾಟ ಹೆಚ್ಚು. ಬಾಲದ ಕೆಳಗೆ ಹುಳ ಕಂಡು 'ಹೊಟ್ಟೆಯಿಂದ ಬಂದದ್ದು' ಎಂದು ತಿಳಿಯುವವರಿದ್ದಾರೆ. ಇದು ಹೊಟ್ಟೆಯದಲ್ಲ, ಮತ್ತು ನಾಳೆ ನೋಡೋಣ ಎನ್ನುವಂಥದ್ದೂ ಅಲ್ಲ. ಅದೇ ಗಳಿಗೆಯಲ್ಲಿ ಪಶುವೈದ್ಯರ ಬಳಿಗೆ ಒಯ್ಯಬೇಕು. ದನದ ಗಾಯಕ್ಕೆ ಹಾಕುವ ಟರ್ಪೆಂಟೈನ್, ಫಿನೈಲ್ ಇವುಗಳನ್ನು ಮೊಲದ ಮೈಗೆ ಸುರಿಯಬಾರದು.

ಇದು ರೋಗವಲ್ಲ

ಹೊಸದಾಗಿ ಮೊಲ ಸಾಕುವವರು ಹೆದರುವ ಇನ್ನೊಂದು ಸಂಗತಿಯಿದೆ. ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಒಂದು ನಾವೆಲ್ಲ ನೋಡುವ ಗುಂಡನೆಯ ಒಣ ಹಿಕ್ಕೆ. ಇನ್ನೊಂದು ಕಪ್ಪಗೆ, ಮೆತ್ತಗೆ, ಹೊಳೆಯುವ ಸಣ್ಣ ದ್ರಾಕ್ಷಿಗೊಂಚಲಿನಂಥದ್ದು. ಇದನ್ನು ಸಾಮಾನ್ಯವಾಗಿ ರಾತ್ರಿ ಅಥವಾ ಬೆಳಗಿನ ಜಾವ ಮೊಲ ನೇರವಾಗಿ ಗುದದ್ವಾರಕ್ಕೆ ಬಾಯಿ ಹಾಕಿ ತಿಂದುಬಿಡುತ್ತದೆ. ಅಸಹ್ಯಪಡಬೇಕಿಲ್ಲ. ಕುರುಡುಕರುಳಿನಲ್ಲಿ ಹುದುಗಿ ತಯಾರಾದ ಈ ಹಿಕ್ಕೆಯಲ್ಲಿ ಬಿ ಜೀವಸತ್ವಗಳೂ ಸಸಾರಜನಕವೂ ಇರುತ್ತವೆ. ಹಸು ಮೆಲುಕು ಹಾಕಿದಂತೆ ಮೊಲಕ್ಕೆ ಇದು. ಇದನ್ನು ಕಂಡು ಭೇದಿಯೆಂದು ಔಷಧಿ ಕೊಡುವುದು, ತಿನ್ನದಂತೆ ತಡೆಯುವುದು ಎರಡೂ ತಪ್ಪು.

ಆದರೆ ದಾರದ ಹುಳದ ಮೊಟ್ಟೆಗಳು ಇದೇ ಹಿಕ್ಕೆಯ ಮೂಲಕವೂ ಮತ್ತೆ ಹೊಟ್ಟೆ ಸೇರುತ್ತವೆ. ಒಮ್ಮೆ ಮದ್ದು ಕೊಟ್ಟರೂ ಹುಳ ಮರಳಿ ಬರುವುದಕ್ಕೆ ಇದೂ ಒಂದು ಕಾರಣ. ಮದ್ದು ಸರಿಯಿಲ್ಲ ಎಂದು ದೂರುವ ಮುನ್ನ ಇದನ್ನು ನೆನಪಿಡಬೇಕು.

ಮಗುವಿನ ತುರಿಕೆಗೆ ಮೊಲ ಕಾರಣವೇ?

ತಾಯಂದಿರ ನಿಜವಾದ ಚಿಂತೆ ಇದು. ಮೊಲ ಬಂದ ಮೇಲೆ ಮಗು ರಾತ್ರಿ ನಿದ್ದೆಯಲ್ಲಿ ಹಿಂಭಾಗ ಕೆರೆದುಕೊಳ್ಳುತ್ತದೆ, ಮೊಲದ ಹುಳವೇ ಮಗುವಿಗೆ ಬಂದಿರಬೇಕು ಎಂಬ ಅನುಮಾನ.

ಉತ್ತರ ನೇರವಾಗಿದೆ: ಇಲ್ಲ. ಮಕ್ಕಳಲ್ಲಿ ಈ ತುರಿಕೆ ತರುವ ದಾರದ ಹುಳ ಎಂಟರೋಬಿಯಸ್ ಎಂಬ ಬೇರೆ ಜಾತಿಯದು. ಅದು ಮನುಷ್ಯರಿಂದ ಮನುಷ್ಯರಿಗೆ ಹರಡುತ್ತದೆ. ಶಾಲೆಯ ಬೆಂಚು, ಒಂದೇ ಹಾಸಿಗೆ, ಕತ್ತರಿಸದ ಉಗುರು, ತೊಳೆಯದ ಕೈ ಇವೇ ಅದರ ದಾರಿ. ಮೊಲದ ಹುಳ ಮಗುವಿಗೆ ಬರುವುದಿಲ್ಲ, ಮಗುವಿನ ಹುಳ ಮೊಲಕ್ಕೆ ಹೋಗುವುದಿಲ್ಲ. ಮೊಲವನ್ನು ಹೊರಹಾಕಿದರೂ ಮಗುವಿನ ತುರಿಕೆ ನಿಲ್ಲದು. ಮಗುವನ್ನು ವೈದ್ಯರಿಗೆ ತೋರಿಸಬೇಕು, ಅವರು ಹೇಳಿದರೆ ಮನೆಮಂದಿಯೆಲ್ಲ ಒಟ್ಟಿಗೆ ಮಾತ್ರೆ ತೆಗೆದುಕೊಳ್ಳಬೇಕು.

ಹಾಗೆಂದು ಮೊಲದಿಂದ ಮಕ್ಕಳಿಗೆ ಏನೂ ಅಂಟದು ಎಂದಲ್ಲ. ಚರ್ಮದ ಮೇಲೆ ಉಂಗುರದಂತೆ ಏಳುವ ಹುಳುಕಡ್ಡಿ ಮೊಲದಿಂದ ಬರಬಹುದು. ಹೆಸರಿನಲ್ಲಿ ಹುಳು ಇದ್ದರೂ ಅದೊಂದು ಶಿಲೀಂಧ್ರ. ಮೊಲಕ್ಕೆ ಕಜ್ಜಿ ಇದ್ದರೆ ಎತ್ತಿಕೊಂಡವರ ಕೈಗೂ ತುರಿಕೆ ಬರಬಹುದು. ಆದ್ದರಿಂದ ಮೊಲವನ್ನು ಮುಟ್ಟಿದ ಮೇಲೆ, ಗೂಡು ಶುಚಿ ಮಾಡಿದ ಮೇಲೆ, ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯುವುದು ಕಡ್ಡಾಯವಾಗಲಿ. ಚಿಕ್ಕ ಮಕ್ಕಳಿಗೆ ಗೂಡು ಗುಡಿಸುವ ಕೆಲಸ ಕೊಡಬೇಡಿ. ಕ್ಯಾನ್ಸರ್ ಚಿಕಿತ್ಸೆ ಮುಂತಾದ ಕಾರಣಗಳಿಂದ ರೋಗನಿರೋಧಕ ಶಕ್ತಿ ಕುಂದಿದವರು ಮನೆಯಲ್ಲಿದ್ದರೆ ಮೊಲ ತರುವ ಮುಂಚೆಯೇ ತಮ್ಮ ವೈದ್ಯರನ್ನು ಕೇಳುವುದು ಕ್ಷೇಮ.

ಮಕ್ಕಳ ಮಾತ್ರೆ ಮೊಲಕ್ಕೆ ಬೇಡ

2015ರಿಂದ ನಮ್ಮ ದೇಶದಲ್ಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ನಡೆಯುತ್ತಿದೆ. ಶಾಲೆ, ಅಂಗನವಾಡಿಗಳಲ್ಲಿ 1ರಿಂದ 19 ವರ್ಷದವರೆಗಿನ ಮಕ್ಕಳಿಗೆ ಆಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. ಇದು ಒಳ್ಳೆಯ ಕಾರ್ಯಕ್ರಮ. ಜಂತುಹುಳಕ್ಕೆ ಈ ಮಾತ್ರೆ ಎಂಬುದು ಇದರಿಂದ ಮನೆಮನೆಗೂ ಗೊತ್ತಾಗಿದೆ. 'ಮಗುವಿಗೆ ಆಗುವುದು ಮೊಲಕ್ಕೇಕೆ ಆಗದು, ಅರ್ಧ ಕೊಡೋಣ' ಎಂಬ ಲೆಕ್ಕಾಚಾರ ಹುಟ್ಟುವುದು ಇಲ್ಲಿಯೇ.

ಆ ಲೆಕ್ಕವನ್ನು ಪೂರ್ತಿ ಮಾಡಿ ನೋಡಿ. ಮಾತ್ರೆಯಲ್ಲಿರುವುದು 400 ಮಿಲಿಗ್ರಾಂ. ಅರ್ಧ ಎಂದರೆ 200. ನಿಮ್ಮ ಮೊಲದ ಮರಿಯ ತೂಕ ಒಂದು ಕಿಲೋ. ಇದೇ ವರ್ಗಕ್ಕೆ ಸೇರಿದ ಫೆನ್‌ಬೆಂಡಜೋಲ್ ಎಂಬ ಔಷಧಿಯನ್ನು ಪಶುವೈದ್ಯರು ಮೊಲಕ್ಕೆ ಕೊಡುವಾಗ ಕಿಲೋ ತೂಕಕ್ಕೆ ಹೆಚ್ಚೆಂದರೆ 20 ಮಿಲಿಗ್ರಾಂ ಆಸುಪಾಸಿನಲ್ಲಿ ಲೆಕ್ಕ ಹಾಕುತ್ತಾರೆ. ನೀವು ಕೊಡಹೊರಟದ್ದು ಅದರ ಹತ್ತು ಪಟ್ಟು! ಈ ವರ್ಗದ ಮದ್ದುಗಳಿಂದ ಮೊಲಗಳ ಮೂಳೆಮಜ್ಜೆ ಕುಗ್ಗಿ, ರಕ್ತಕಣಗಳ ಉತ್ಪಾದನೆ ನಿಂತು ಸತ್ತ ಪ್ರಕರಣಗಳನ್ನು ಪಶುವೈದ್ಯರು ದಾಖಲಿಸಿದ್ದಾರೆ. ವೈದ್ಯರು ತೂಕ ನೋಡಿ, ದಿನಗಳನ್ನು ಎಣಿಸಿ ಕೊಡುವ ಮದ್ದೇ ಇಷ್ಟು ಎಚ್ಚರ ಬೇಡುವಾಗ ಅಂದಾಜಿನ ಮಾತ್ರೆಗೆ ಎಲ್ಲಿಯ ಭರವಸೆ? ಮೇಲಿನ ಅಂಕಿ ಅಪಾಯದ ಅಳತೆ ತಿಳಿಯಲೆಂದು ಹೇಳಿದ್ದೇ ಹೊರತು ಮನೆಯಲ್ಲಿ ಕೊಡಲೆಂದಲ್ಲ.

ಮೊಲ ಚಿಕ್ಕ ನಾಯಿಯಲ್ಲ ಎಂಬುದನ್ನೂ ಮನಸ್ಸಿನಲ್ಲಿಡಬೇಕು. ನಾಯಿಯ ಉಣ್ಣೆ, ಚಿಗಟಗಳಿಗೆ ಹಚ್ಚುವ ಫಿಪ್ರೊನಿಲ್ ಮೊಲಕ್ಕೆ ವಿಷ. ಬಾಯಿಯ ಮೂಲಕ ಕೊಡುವ ಅಮಾಕ್ಸಿಸಿಲಿನ್, ಆಂಪಿಸಿಲಿನ್‌ನಂಥ ನಮ್ಮ ಮನೆಯ ಪರಿಚಿತ ಜೀವನಿರೋಧಕಗಳು ಮೊಲದ ಕುರುಡುಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ನಾಶಮಾಡಿ, ವಿಷಕಾರಿ ಭೇದಿ ತಂದು ಪ್ರಾಣವನ್ನೇ ತೆಗೆಯಬಲ್ಲವು.

ಮನೆಮದ್ದಿನ ಬಗ್ಗೆಯೂ ಒಂದು ಮಾತು. ಹಿಂದೆ ಮಕ್ಕಳಿಗೆ ಜಂತು ಹೋಗಲೆಂದು ಬೆಳಗ್ಗೆ ಬರಿ ಹೊಟ್ಟೆಯಲ್ಲಿ ಹರಳೆಣ್ಣೆ ಕುಡಿಸುವ ರೂಢಿಯಿತ್ತು. ಮೊಲಕ್ಕೆ ಈ ಪ್ರಯೋಗ ಬೇಡವೇ ಬೇಡ. ಮೊಲ ವಾಂತಿ ಮಾಡಲಾರದು, ಹಸಿದಿರಲಾರದು, ಭೇದಿಯನ್ನಂತೂ ತಾಳಲಾರದು. ಬೆಳ್ಳುಳ್ಳಿ, ಈರುಳ್ಳಿ ಅದರ ರಕ್ತಕ್ಕೇ ಕೆಡುಕು.

ಹಿಕ್ಕೆ ಪರೀಕ್ಷೆ ಹೇಗೆ?

ಇದರಲ್ಲಿ ಕಷ್ಟವೇನೂ ಇಲ್ಲ. ಬೆಳಗ್ಗೆ ಗೂಡಿನಲ್ಲಿ ಸಿಗುವ ತಾಜಾ ಹಿಕ್ಕೆಗಳನ್ನು ಹತ್ತು ಹದಿನೈದು ಆರಿಸಿ, ಮುಚ್ಚಳವಿರುವ ಒಣ ಡಬ್ಬಿಯಲ್ಲಿ ಹಾಕಿ. ಮೆತ್ತಗಿನ ಹಿಕ್ಕೆ ಸಿಕ್ಕಿದರೆ ಅದನ್ನೂ ಸೇರಿಸಿ. ಹುಳ ಕಂಡಿದ್ದರೆ ಅದನ್ನು ಬೇರೆ ಡಬ್ಬಿಯಲ್ಲಿ ಒಂದು ಹನಿ ನೀರಿನೊಂದಿಗೆ ಇಡಿ. ಅಂದೇ ಪಶು ಆಸ್ಪತ್ರೆಗೆ ಒಯ್ಯಿರಿ. ಹಿಕ್ಕೆಯನ್ನು ಗಟ್ಟಿ ಉಪ್ಪುನೀರಿನಲ್ಲಿ ಕದಡಿದಾಗ ಮೊಟ್ಟೆಗಳು ಮೇಲೆ ತೇಲಿ ಬರುತ್ತವೆ. ಅವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದಾರದ ಹುಳದ್ದೋ, ಕಾಕ್ಸಿಡಿಯಾದ್ದೋ ಎಂಬುದು ಗೊತ್ತಾಗುತ್ತದೆ. ಒಂದು ಸಲ ಏನೂ ಕಾಣದಿದ್ದರೆ ಹುಳ ಇಲ್ಲವೆಂದು ಖಚಿತವಾಗಿ ಹೇಳಲಾಗದು. ಮೊಟ್ಟೆಗಳು ಪ್ರತಿದಿನ ಒಂದೇ ಸಮನೆ ಬರುವುದಿಲ್ಲ. ಲಕ್ಷಣಗಳಿದ್ದರೆ ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕು.

ಪಟ್ಟಣಗಳಲ್ಲಿ ಖಾಸಗಿ ಚಿಕಿತ್ಸಾಲಯಗಳಿವೆ. ತಾಲ್ಲೂಕುಗಳಲ್ಲಿ ಪಶುಪಾಲನಾ ಇಲಾಖೆಯ ಆಸ್ಪತ್ರೆಗಳಿವೆ. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಮೊಲದ ಚಿಕಿತ್ಸೆಯಲ್ಲಿ ಅನುಭವವಿರುವ ವೈದ್ಯರು ಯಾರೆಂದು ಮೊಲ ತರುವ ಮುನ್ನವೇ ವಿಚಾರಿಸಿಟ್ಟುಕೊಂಡರೆ ರಾತ್ರಿ ಹೊತ್ತಿನ ಪರದಾಟ ತಪ್ಪುತ್ತದೆ.

ನಾಯಿ, ಬೆಕ್ಕುಗಳಿಗೆ ನಿಗದಿತ ಅಂತರದಲ್ಲಿ ಜಂತಿನ ಮದ್ದು ಹಾಕಿಸುವ ಪದ್ಧತಿಯನ್ನು ಮೊಲಕ್ಕೂ ಅನ್ವಯಿಸುವವರಿದ್ದಾರೆ. ಮನೆಯೊಳಗೇ ಇರುವ ಆರೋಗ್ಯವಂತ ಮೊಲಕ್ಕೆ ಇದು ಬೇಕಿಲ್ಲ. ವರ್ಷಕ್ಕೊಮ್ಮೆ ಹಿಕ್ಕೆ ಪರೀಕ್ಷೆ ಮಾಡಿಸಿ, ಇದ್ದರೆ ಮಾತ್ರ ಮದ್ದು ಕೊಡಿಸುವುದು ಜಾಣತನ.

ಅರ್ಧ ಚಿಕಿತ್ಸೆ ಗೂಡಿನಲ್ಲಿ

ಮದ್ದು ಹೊಟ್ಟೆಯಲ್ಲಿರುವ ಹುಳವನ್ನು ಕೊಲ್ಲುತ್ತದೆ, ಗೂಡಿನಲ್ಲಿರುವ ಮೊಟ್ಟೆಯನ್ನಲ್ಲ. ಆದ್ದರಿಂದ ಚಿಕಿತ್ಸೆ ನಡೆಯುವ ದಿನಗಳಲ್ಲಿ ಗೂಡಿನ ಶುಚಿತ್ವ ಮದ್ದಿನಷ್ಟೇ ಮುಖ್ಯ. ಹಿಕ್ಕೆಯನ್ನು ದಿನವೂ ತೆಗೆಯಬೇಕು. ಕಾಕ್ಸಿಡಿಯಾದ ಬೀಜಕೋಶಗಳು ಹೊರಬಿದ್ದ ಕೂಡಲೇ ರೋಗ ಅಂಟಿಸಲಾರವು. ತೇವದ ಜಾಗದಲ್ಲಿ ಒಂದೆರಡು ದಿನ ಬಲಿತ ಮೇಲೆ ಅವುಗಳಿಗೆ ಆ ಶಕ್ತಿ ಬರುತ್ತದೆ. ದಿನವೂ ಗುಡಿಸುವ ಮನೆಯಲ್ಲಿ ಅವಕ್ಕೆ ಬಲಿಯಲು ಸಮಯ ಸಿಗುವುದಿಲ್ಲ. ಬರೀ ಫಿನೈಲ್ ನೀರಿನಿಂದ ಒರೆಸಿದರೆ ಅವು ಸಾಯುವುದಿಲ್ಲ. ಮೊಲವನ್ನು ಬೇರೆಡೆಗೆ ಇಟ್ಟು, ತಟ್ಟೆಗೆ, ನೆಲಕ್ಕೆ ಕುದಿಯುವ ನೀರು ಹೊಯ್ದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ. ಒಣಗಬೇಕಾದದ್ದು ಗೂಡು, ಮೊಲವಲ್ಲ. ಬಿಸಿಲಿನ ಝಳ ಮೊಲಕ್ಕೆ ಪ್ರಾಣಾಂತಿಕ.

ಹುಲ್ಲನ್ನು ನೆಲದ ಮೇಲೆ ಚೆಲ್ಲದೆ ಎತ್ತರದ ಬುಟ್ಟಿಯಲ್ಲಿ ಇಡಿ. ನೀರಿನ ಬಟ್ಟಲು ದಿನವೂ ತೊಳೆಯಲಿ. ಹಾಸಿದ ಗೋಣಿಚೀಲ ಒದ್ದೆಯಾದರೆ ಕೂಡಲೇ ಬದಲಿಸಿ. ಮೊಲದ ಆಹಾರದ ಮುಖ್ಯ ಪಾಲು ಹುಲ್ಲೇ ಆಗಿರಬೇಕು. ಗರಿಕೆ, ಒಣಹುಲ್ಲು ಸಾಕಷ್ಟು ಇರಲಿ. ಕ್ಯಾರೆಟ್ ಚಿತ್ರಗಳಲ್ಲಿ ಚೆಂದ, ಹೊಟ್ಟೆಗೆ ಒಂದೆರಡು ಚೂರು ಸಾಕು. ಬಿಸ್ಕತ್ತು, ಅನ್ನ, ಬ್ರೆಡ್ಡು ತಿಂದ ಮೊಲದ ಹಿಕ್ಕೆ ಮೆತ್ತಗಾಗಿ ಹಿಂಭಾಗಕ್ಕೆ ಅಂಟುತ್ತದೆ, ಅದಕ್ಕೆ ನೊಣ ಕೂರುತ್ತದೆ. ಒಂದು ತಪ್ಪು ಹೀಗೆ ಇನ್ನೊಂದನ್ನು ಕರೆತರುತ್ತದೆ.

ಹೊಸ ಮೊಲ ತಂದಾಗ

ಎಂಟು ವಾರ ತುಂಬದ ಮರಿಯನ್ನು ಎಷ್ಟು ಮುದ್ದಾಗಿದ್ದರೂ ಕೊಳ್ಳಬೇಡಿ. ಅಂಗೈಯಲ್ಲಿ ಹಿಡಿಸುವ ಮರಿಗಳನ್ನು ತಾಯಿಯಿಂದ ಬಿಡಿಸಿ ಮಾರುವುದು ನಡೆದಿರುವುದು ಕೊಳ್ಳುವವರು ಇರುವುದರಿಂದಲೇ. ಹಿಂಭಾಗ ಒಣಗಿದೆಯೇ, ಹೊಟ್ಟೆ ಉಬ್ಬಿದೆಯೇ, ಹಿಕ್ಕೆ ಗುಂಡಗಿದೆಯೇ ನೋಡಿ ತನ್ನಿ. ಯಾರೋ ಸಾಕಲಾರದೆ ಬಿಟ್ಟ ಮೊಲವನ್ನು ತಂದು ಸಾಕುವ ಒಳ್ಳೆಯ ಮನಸ್ಸಿನವರೂ ಇದ್ದಾರೆ. ಅಂಥ ಮೊಲ ಹಿಂದೆ ಎಲ್ಲಿತ್ತು, ಏನು ತಿಂದಿತ್ತು ಗೊತ್ತಿರುವುದಿಲ್ಲವಾದ್ದರಿಂದ ಹಿಕ್ಕೆ ಪರೀಕ್ಷೆ ಮೊದಲ ವಾರದಲ್ಲೇ ಆಗಬೇಕು.

ಮನೆಯಲ್ಲಿ ಮೊದಲೇ ಒಂದು ಮೊಲ ಇದ್ದರೆ ಹೊಸದನ್ನು ಕನಿಷ್ಠ ಎರಡು ವಾರ ಬೇರೆ ಕೋಣೆಯಲ್ಲಿ, ಬೇರೆ ಬಟ್ಟಲು, ಬೇರೆ ಗೂಡಿನಲ್ಲಿ ಇಡಿ. ಹಳೆಯದರ ಕೆಲಸ ಮುಗಿಸಿ ಆಮೇಲೆ ಹೊಸದರ ಗೂಡಿಗೆ ಕೈ ಹಾಕಿ. ಒಂದಕ್ಕೆ ದಾರದ ಹುಳ ಖಚಿತವಾದರೆ ಜೊತೆಯಲ್ಲಿರುವ ಎಲ್ಲಕ್ಕೂ ಚಿಕಿತ್ಸೆ ಬೇಕಾಗುತ್ತದೆ. ತೂಕವನ್ನು ವಾರಕ್ಕೊಮ್ಮೆ ತರಕಾರಿ ತೂಗುವ ತಕ್ಕಡಿಯಲ್ಲಿ ನೋಡಿ ಬರೆದಿಡಿ. ಯಾವ ಲಕ್ಷಣವೂ ಕಾಣುವ ಮೊದಲೇ ತೂಕ ಇಳಿಯತೊಡಗುತ್ತದೆ.

ತಡಮಾಡಬಾರದ ಲಕ್ಷಣಗಳು

ಹುಳ ಕಂಡರೂ ಮೊಲ ತಿನ್ನುತ್ತಾ ಓಡಾಡಿಕೊಂಡಿದ್ದರೆ ಒಂದೆರಡು ದಿನದಲ್ಲಿ ವೈದ್ಯರಿಗೆ ತೋರಿಸಿದರೆ ಸಾಕು. ಆದರೆ ಅರ್ಧ ದಿನ ಹುಲ್ಲು ಮುಟ್ಟದಿದ್ದರೆ, ಹಿಕ್ಕೆ ಹಾಕುವುದು ನಿಂತರೆ, ನೀರಿನಂತೆ ಭೇದಿಯಾದರೆ, ಹೊಟ್ಟೆ ಉಬ್ಬಿ ಹಲ್ಲು ಕಡಿಯುತ್ತಾ ಮೂಲೆ ಹಿಡಿದರೆ, ಬಾಲದಡಿ ಹುಳ ಕಂಡರೆ ಕಾಯಬೇಡಿ. ಮೊಲ ಬೇಟೆಯ ಪ್ರಾಣಿ. ನೋವನ್ನು ಮುಚ್ಚಿಡುವುದು ಅದರ ಹುಟ್ಟುಗುಣ. ಅದು ತೋರಿಸಿಕೊಳ್ಳುವ ಹೊತ್ತಿಗೆ ಕಾಯಿಲೆ ಬಹಳ ದೂರ ಹೋಗಿರುತ್ತದೆ.

ಆಚೆ ಬಿಡುವ ಮಾತು

ಕೊನೆಗೆ ಅಜ್ಜಿಯ ಸಲಹೆಯ ಬಗ್ಗೆ. 'ಕಾಡಿನ ಪ್ರಾಣಿ ತಾನೆ, ಪಾರ್ಕಿನಲ್ಲೋ ತೋಪಿನಲ್ಲೋ ಬಿಟ್ಟರೆ ಬದುಕಿಕೊಳ್ಳುತ್ತದೆ' ಎಂಬ ನಂಬಿಕೆ ಹಲವರಲ್ಲಿದೆ. ನಾವು ಸಾಕುವ ಮೊಲ ಯೂರೋಪಿನ ಮೊಲದ ಸಂತತಿ. ನಮ್ಮ ಹೊಲಗಳಲ್ಲಿ ಜಿಗಿಯುವ ಕಾಡುಮೊಲ ಬೇರೆಯೇ ಜಾತಿ, ಅದನ್ನು ಹಿಡಿದು ಸಾಕುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡ್ಡಿಯೂ ಇದೆ. ಗೂಡಿನಲ್ಲಿ ಹುಟ್ಟಿ ಬೆಳೆದ ಬಿಳಿ ಮೊಲಕ್ಕೆ ಅಡಗುವುದು ತಿಳಿಯದು, ಓಡುವ ದಿಕ್ಕು ತಿಳಿಯದು. ಬೀದಿನಾಯಿಗಳ ನಡುವೆ ಅದಕ್ಕೆ ಒಂದು ರಾತ್ರಿ ಕಳೆಯುವುದೂ ಕಷ್ಟ. ಬಿಟ್ಟು ಬಂದವರು ಅದನ್ನು ಕೊಂದಂತೆಯೇ.

ಇನ್ನೊಂದು ಮುಖವೂ ಇದೆ. ಮನೆಗೆ ತಂದ ಪ್ರಾಣಿಗೆ ಕಾಯಿಲೆ ಬಂದಾಗ ದೊಡ್ಡವರು ಏನು ಮಾಡುತ್ತಾರೆ ಎಂಬುದನ್ನು ಮಕ್ಕಳು ಕಣ್ಣರಳಿಸಿ ನೋಡುತ್ತಿರುತ್ತಾರೆ. ಬುಟ್ಟಿಯಲ್ಲಿ ಹಾಕಿಕೊಂಡು ಹೋಗಿ ಬಿಟ್ಟು ಬರುವುದನ್ನು ನೋಡಿದ ಮಗು ಒಂದು ಪಾಠ ಕಲಿಯುತ್ತದೆ. ಡಬ್ಬಿಯಲ್ಲಿ ಹಿಕ್ಕೆ ತುಂಬಿಕೊಂಡು ಪಶುವೈದ್ಯರ ಮುಂದೆ ಸರದಿಯಲ್ಲಿ ಕೂತದ್ದನ್ನು ನೋಡಿದ ಮಗು ಬೇರೆ ಪಾಠ ಕಲಿಯುತ್ತದೆ. ಒಂದು ಸಣ್ಣ ದಾರದ ಹುಳಕ್ಕೆ ಬೇಕಾಗಿರುವುದು ಒಂದು ಪರೀಕ್ಷೆ, ತೂಕ ನೋಡಿ ಕೊಟ್ಟ ಮದ್ದು, ಒಣಗಿದ ಗೂಡು, ತೊಳೆದ ಕೈ. ಇಷ್ಟನ್ನು ಮಾಡಲು ಸಿದ್ಧರಿಲ್ಲದವರು ಮೊಲವನ್ನು ತರದಿರುವುದೇ ಮೊಲಕ್ಕೂ ಮಕ್ಕಳಿಗೂ ಒಳ್ಳೆಯದು.